ವಿಮಾನಕ್ಕೆ ಬಣ್ಣದ ಡಬ್ಬಿ: ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ?

ರಾಯದುರ್ಗ/ಮಡಕಶಿರಾ: ನಮ್ಮ ಗಡಿ ಹಳ್ಳಿಗಳಿಗೂ ವಿಮಾನಕ್ಕೂ ಇದ್ದ ದೂರ ಕಡಿಮೆಯಾಗಿ ಬಹಳ ಕಾಲವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಮಡಕಶಿರಾದವರು ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿದರೆ ನಿಲ್ದಾಣವೇ ಸಿಗುತ್ತದೆ. ರಾಯದುರ್ಗದವರು ರಾತ್ರಿ ಹೊರಟರೆ ಬೆಳಗಿನ ವಿಮಾನ ಹಿಡಿಯಬಹುದು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಎರಡೂ ಕಡೆಯವರು ವಿಮಾನ ಹತ್ತುವುದು ಹೆಚ್ಚಾಗಿ ದೇವನಹಳ್ಳಿಯಲ್ಲೇ.

ಓದಲು, ಕೆಲಸಕ್ಕೆ, ಮಗಳ ಬಾಣಂತನಕ್ಕೆ, ಪ್ರದರ್ಶನಕ್ಕೆ ಅಂತ ಹೊರಡುವವರ ಪೆಟ್ಟಿಗೆಯಲ್ಲಿ ಚಕ್ಕುಲಿ, ಉಪ್ಪಿನಕಾಯಿ, ಹುರಿಟ್ಟಿನ ಜೊತೆಗೆ ಈಗ ಇನ್ನೊಂದು ಸಾಮಾನೂ ಸೇರುತ್ತಿದೆ. ಅದು ಬಣ್ಣದ ಡಬ್ಬಿ. ಚಿತ್ರ ಬರೆಯುವ ಹವ್ಯಾಸದ ಹುಡುಗಿ ತನ್ನ ಆಯಿಲ್ ಪೇಂಟ್, ಟರ್ಪೆಂಟೈನ್ ಜೊತೆಗಿಟ್ಟುಕೊಳ್ಳುತ್ತಾಳೆ. ಸಣ್ಣ ಕಾರು, ವಿಮಾನದ ಮಾದರಿ ಮಾಡುವ ಹುಡುಗ ಎನಾಮಲ್ ಬಣ್ಣದ ಪುಟ್ಟ ಸೀಸೆಗಳನ್ನು ಕಟ್ಟಿಕೊಳ್ಳುತ್ತಾನೆ. ಸೀರೆಗೆ ಫ್ಯಾಬ್ರಿಕ್ ಪೇಂಟ್ ಮಾಡುವವರು, ಗಾಜಿನ ಮೇಲೆ ಚಿತ್ರ ಬರೆಯುವವರು, ಸ್ಪ್ರೇ ಡಬ್ಬಿ ಇಟ್ಟುಕೊಳ್ಳುವವರೂ ಇದ್ದಾರೆ. ವಿಮಾನ ನಿಲ್ದಾಣದಲ್ಲಿ ಇವುಗಳಲ್ಲಿ ಕೆಲವು ನಿರಾಳವಾಗಿ ಹೋಗುತ್ತವೆ, ಕೆಲವನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಯಾಕೆ ಹೀಗೆ ಅಂತ ಗೊತ್ತಿಲ್ಲದವರಿಗೆ ಇದು ಸಿಬ್ಬಂದಿಯ ಕಿರುಕುಳ ಅನ್ನಿಸಬಹುದು. ಆದರೆ ಇದರ ಹಿಂದೆ ಸರಳವಾದ ಲೆಕ್ಕವೊಂದಿದೆ. ಅದು ತಿಳಿದರೆ ಪೆಟ್ಟಿಗೆಯನ್ನು ಮನೆಯಲ್ಲೇ ಸರಿಯಾಗಿ ಕಟ್ಟಬಹುದು.

ಮೊದಲೇ ಒಂದು ಮಾತು. ಪ್ರಶ್ನೆ ಇರುವುದು ಬಣ್ಣದ ಮೇಲಲ್ಲ, ಬಣ್ಣವನ್ನು ಯಾವುದರಲ್ಲಿ ಕಲಸಿದ್ದಾರೆ ಎಂಬುದರ ಮೇಲೆ.

ಡಬ್ಬಿಯೊಳಗೆ ಏನಿದೆ?

ಯಾವುದೇ ಬಣ್ಣ ತೆಗೆದುಕೊಳ್ಳಿ, ಅದರಲ್ಲಿ ಮೂರು ಭಾಗ ಇರುತ್ತದೆ. ಒಂದು, ಬಣ್ಣ ಕೊಡುವ ಪುಡಿ. ಎರಡು, ಆ ಪುಡಿಯನ್ನು ಕಾಗದಕ್ಕೋ ಗೋಡೆಗೋ ಹಿಡಿದು ನಿಲ್ಲಿಸುವ ಅಂಟು. ಮೂರು, ಇವೆರಡನ್ನೂ ತೆಳುವಾಗಿಸಿ ಬ್ರಶ್‌ಗೆ ಹತ್ತುವಂತೆ ಮಾಡುವ ದ್ರವ. ಬಳಿದ ಮೇಲೆ ಆ ದ್ರವ ಆರಿಹೋಗುತ್ತದೆ, ಪುಡಿ ಮತ್ತು ಅಂಟು ಉಳಿಯುತ್ತವೆ.

ಆ ದ್ರವ ನೀರಾಗಿದ್ದರೆ ತೊಂದರೆಯಿಲ್ಲ. ಅದು ಟರ್ಪೆಂಟೈನ್, ಥಿನ್ನರ್, ಸ್ಪಿರಿಟ್, ಅಸಿಟೋನ್ ಆಗಿದ್ದರೆ ಡಬ್ಬಿಯಲ್ಲಿರುವುದು ಬಣ್ಣ ಹಾಕಿದ ಇಂಧನ ಎಂದೇ ತಿಳಿಯಬೇಕು. ಮಡಕಶಿರಾದಿಂದ ಸ್ವಲ್ಪ ದೂರದಲ್ಲಿರುವ ಲೇಪಾಕ್ಷಿಯ ದೇವಸ್ಥಾನದ ಚಾವಣಿಯಲ್ಲಿ ವಿಜಯನಗರ ಕಾಲದ ಚಿತ್ರಗಳಿವೆ. ಮಣ್ಣು, ಕಲ್ಲಿನಿಂದ ತೆಗೆದ ಬಣ್ಣಗಳು ಅವು, ಸುಣ್ಣದ ಗಾರೆಯ ಮೇಲೆ ಬರೆದವು. ಅದರಲ್ಲಿ ಥಿನ್ನರ್ ಎಲ್ಲಿಂದ ಬರಬೇಕು? ಧರ್ಮಾವರಂ ಮಂಡಲದ ನಿಮ್ಮಲಕುಂಟದಲ್ಲಿ ಮೇಕೆ ಚರ್ಮಕ್ಕೆ ಬಣ್ಣ ಹಚ್ಚಿ ತೊಗಲು ಗೊಂಬೆ ಮಾಡುತ್ತಾರೆ. ತೆಲುಗಿನವರು ತೋಲು ಬೊಮ್ಮಲಾಟ ಅನ್ನುವುದೂ ನಮ್ಮವರು ತೊಗಲು ಗೊಂಬೆಯಾಟ ಅನ್ನುವುದೂ ಒಂದೇ. ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಬಂತು. ಭೀಮವ್ವ ಹಲವು ದೇಶಗಳಿಗೆ ಗೊಂಬೆ ಹೊತ್ತು ಹೋಗಿ ಆಟ ಆಡಿಸಿ ಬಂದವರು. ಬಣ್ಣ ಪೂರ್ತಿ ಆರಿದ ಗೊಂಬೆಯಲ್ಲಿ ಹೊತ್ತಿಕೊಳ್ಳುವ ಆವಿ ಉಳಿದಿರುವುದಿಲ್ಲ. ಆದ್ದರಿಂದ ಗೊಂಬೆ, ಆರಿದ ಚಿತ್ರ, ಬಣ್ಣ ಹಚ್ಚಿದ ಸೀರೆ ಇವುಗಳನ್ನು ಈ ನಿಯಮ ತಡೆಯುವುದಿಲ್ಲ. ಹಸಿ ವಾರ್ನಿಷ್ ಇರುವ ಚಿತ್ರದ ವಿಷಯ ಬೇರೆ.

ಫ್ಲ್ಯಾಷ್ ಪಾಯಿಂಟ್ ಎಂಬ ಗಡಿರೇಖೆ

ಬೆಂಕಿ ಹತ್ತುವುದು ದ್ರವಕ್ಕಲ್ಲ, ಅದರ ಮೇಲೆ ಏಳುವ ಆವಿಗೆ. ಒಂದು ದ್ರವದ ಮೇಲೆ ಕಿಡಿ ತೋರಿಸಿದರೆ ಭಗ್ ಎಂದು ಹತ್ತಿಕೊಳ್ಳುವಷ್ಟು ಆವಿ ಏಳಲು ಎಷ್ಟು ಬಿಸಿ ಬೇಕು? ಆ ಕನಿಷ್ಠ ಉಷ್ಣಾಂಶಕ್ಕೆ ಫ್ಲ್ಯಾಷ್ ಪಾಯಿಂಟ್ ಎನ್ನುತ್ತಾರೆ. ವಿಮಾನಯಾನದ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಫ್ಲ್ಯಾಷ್ ಪಾಯಿಂಟ್ 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರುವ ದ್ರವ ದಹನಶೀಲ ದ್ರವ. ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದು 3ನೇ ವರ್ಗ.

ನಮಗೆ ಪರಿಚಯದ ಕೆಲವು ವಸ್ತುಗಳನ್ನು ನೋಡಿ:

* ಪೆಟ್ರೋಲ್: ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ
* ಅಸಿಟೋನ್ (ಉಗುರು ಬಣ್ಣ ತೆಗೆಯುವ ದ್ರವದಲ್ಲಿರುವುದು): ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ
* ಟಾಲುಯಿನ್ (ಹಲವು ಥಿನ್ನರ್‌ಗಳಲ್ಲಿರುವುದು): ಸುಮಾರು 4 ಡಿಗ್ರಿ
* ಸ್ಪಿರಿಟ್: ಸುಮಾರು 15 ಡಿಗ್ರಿ
* ಟರ್ಪೆಂಟೈನ್: ಸುಮಾರು 35 ಡಿಗ್ರಿ
* ಸೀಮೆಎಣ್ಣೆ: 38 ಡಿಗ್ರಿ ಅಥವಾ ಸ್ವಲ್ಪ ಹೆಚ್ಚು
* ಅಗಸೆ ಎಣ್ಣೆ, ಹರಳೆಣ್ಣೆ: 200 ಡಿಗ್ರಿಗಿಂತ ಮೇಲೆ

ಈ ಪಟ್ಟಿಯನ್ನು ನಮ್ಮ ಊರಿನ ಬಿಸಿಲಿನ ಜೊತೆ ಇಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯದುರ್ಗದ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಅಂದರೆ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರೆ, ಕಿಡಿ ಬಿದ್ದರೆ ಸಾಕು ಹತ್ತಿಕೊಳ್ಳುವಷ್ಟು ಆವಿ ಅಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಥಿನ್ನರ್‌ಗೆ ಬೇಸಿಗೆಯೂ ಬೇಕಿಲ್ಲ, ಮಾಗಿಯ ಚಳಿಯಲ್ಲೂ ಅದು ಸಿದ್ಧ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಂತೂ ಹೊರಗಿಗಿಂತ ಹೆಚ್ಚು ಕಾಯುತ್ತದೆ. ಸ್ಪ್ರೇ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ ಎಂದು ಅಚ್ಚು ಹಾಕಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಲೆಕ್ಕ. ಒಂದು ಲೀಟರ್ ಟಾಲುಯಿನ್ ಪೂರ್ತಿ ಆವಿಯಾದರೆ ಸುಮಾರು 230 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಈ ಆವಿ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು, ಹೊತ್ತಿಕೊಳ್ಳುತ್ತದೆ. ಅಂದರೆ ಒಂದೇ ಲೀಟರ್ ಡಬ್ಬಿ ಸೋರಿದರೆ ಸುಮಾರು 20 ಘನ ಮೀಟರ್ ಗಾಳಿ, ಹೆಚ್ಚುಕಡಿಮೆ ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಚಿಕ್ಕ ಕೋಣೆಯ ಗಾಳಿ, ಬೆಂಕಿಗೆ ಸಿದ್ಧವಾಗುತ್ತದೆ. ಈ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಹೋಗದೆ ನೆಲಕ್ಕಂಟಿ ಹರಿಯುತ್ತದೆ. ಡಬ್ಬಿ ಇಲ್ಲಿದ್ದರೆ ಕಿಡಿ ಅಲ್ಲೆಲ್ಲೋ ಮೂಲೆಯಲ್ಲಿದ್ದರೂ ಸಾಕು.

ವಿಮಾನದಲ್ಲೇ ಯಾಕೆ ಇಷ್ಟು ಬಿಗಿ?

ಮನೆಯಲ್ಲಿ ವರ್ಷಗಟ್ಟಲೆ ಮೂಲೆಯಲ್ಲಿಟ್ಟಿದ್ದರೂ ಏನೂ ಆಗಿಲ್ಲ, ವಿಮಾನದಲ್ಲಿ ಮಾತ್ರ ಏನಾಗುತ್ತದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಮೊದಲನೆಯದು ಒತ್ತಡ. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ನಾವು ಕೂರುವ ಕಡೆ, ಅದರ ಕೆಳಗೆ ಸಾಮಾನು ಇಡುವ ಕಡೆ, ಎರಡರಲ್ಲೂ ಒತ್ತಡ ಸುಮಾರು 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಅದು ಸಮುದ್ರ ಮಟ್ಟದ ಒತ್ತಡದ ಮುಕ್ಕಾಲು ಭಾಗ ಮಾತ್ರ. ಆಗ ಡಬ್ಬಿಯೊಳಗಿನ ಗಾಳಿ ಹಿಗ್ಗಿ ಮುಚ್ಚಳವನ್ನು ಒಳಗಿಂದ ತಳ್ಳುತ್ತದೆ. ಒತ್ತಿ ಮುಚ್ಚುವ ತಗಡಿನ ಡಬ್ಬಿ, ಒಮ್ಮೆ ತೆರೆದು ಮತ್ತೆ ಮುಚ್ಚಿದ ಸೀಸೆ ಸೋರುವುದು ಹೀಗೆಯೇ. ಊರಲ್ಲಿ ಸೋರದ ಡಬ್ಬಿ ಆಕಾಶದಲ್ಲಿ ಸೋರಬಹುದು.

ಎರಡನೆಯದು, ಪಕ್ಕದಲ್ಲಿ ಏನಿದೆ ಎಂಬುದು. ಸಾಮಾನು ಕೋಣೆಯಲ್ಲಿ ನೂರಾರು ಜನರ ಪೆಟ್ಟಿಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಯಾವುದರಲ್ಲೋ ಲ್ಯಾಪ್‌ಟಾಪ್, ಯಾವುದರಲ್ಲೋ ಬ್ಯಾಟರಿ. 2017ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಒಂದು ಪರೀಕ್ಷೆ ಮಾಡಿತು. ಲ್ಯಾಪ್‌ಟಾಪ್ ಬ್ಯಾಟರಿಯನ್ನು ಬೇಕೆಂದೇ ಅತಿಯಾಗಿ ಕಾಯಿಸಿ, ಅದರ ಜೊತೆ ಸೂಟ್‌ಕೇಸಿನಲ್ಲಿ ಕೂದಲಿಗೆ ಹಾಕುವ ಒಂದು ಸ್ಪ್ರೇ ಡಬ್ಬಿ ಇಟ್ಟರು. ಬೆಂಕಿ ಬಂದು ಸ್ವಲ್ಪ ಹೊತ್ತಿಗೇ ಡಬ್ಬಿ ಸ್ಫೋಟಿಸಿತು. ಸಾಮಾನು ಕೋಣೆಯಲ್ಲಿ ಬೆಂಕಿ ನಂದಿಸಲು ಹ್ಯಾಲಾನ್ ಎಂಬ ಅನಿಲದ ವ್ಯವಸ್ಥೆ ಇರುತ್ತದೆ. ಆದರೆ ಅಂಥ ಸ್ಫೋಟದಿಂದ ಆ ವ್ಯವಸ್ಥೆಯೇ ಕೆಲಸಕ್ಕೆ ಬಾರದಂತಾಗಬಹುದು ಎಂಬುದು ಪರೀಕ್ಷೆಯಿಂದ ಸಿಕ್ಕ ಪಾಠ.

ಮೂರನೆಯದು, ನಿಲ್ಲಿಸಿ ಇಳಿಯಲು ಆಗುವುದಿಲ್ಲ. ಬಸ್ಸಾದರೆ ರಸ್ತೆ ಪಕ್ಕ ನಿಲ್ಲುತ್ತದೆ. ವಿಮಾನ ಹತ್ತಿರದ ನಿಲ್ದಾಣಕ್ಕೆ ಇಳಿಯುವಷ್ಟರಲ್ಲಿ ಬೆಂಕಿ ಕಾಯುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಗೆ ಹೊರಟ ವ್ಯಾಲ್ಯೂಜೆಟ್ ಕಂಪನಿಯ ವಿಮಾನ ಕೆಲವೇ ನಿಮಿಷದಲ್ಲಿ ಜೌಗು ಪ್ರದೇಶಕ್ಕೆ ಬಿತ್ತು. ಅದರಲ್ಲಿದ್ದ 110 ಮಂದಿಯೂ ಸತ್ತರು. ಸಾಮಾನು ಕೋಣೆಯಲ್ಲಿ ಹಳೆಯ ಆಮ್ಲಜನಕ ಉತ್ಪಾದಕಗಳ ಪೆಟ್ಟಿಗೆಗಳಿದ್ದವು. ಕಾಗದದಲ್ಲಿ ಅವು ಖಾಲಿ ಎಂದು ಬರೆದಿತ್ತು. ಅವು ಖಾಲಿ ಇರಲಿಲ್ಲ, ಹೊತ್ತಿಕೊಂಡವು. ಅಲ್ಲಿ ಯಾರಿಗೂ ದುರುದ್ದೇಶ ಇರಲಿಲ್ಲ. ಪೆಟ್ಟಿಗೆಯಲ್ಲಿ ಏನಿದೆ ಎಂದು ಸರಿಯಾಗಿ ಹೇಳಲಿಲ್ಲ, ಅಷ್ಟೇ. "ಸಣ್ಣ ಡಬ್ಬಿ ತಾನೆ, ಹೇಳುವುದೇನು" ಎನ್ನುವವರು ಇದನ್ನು ನೆನಪಿಡಬೇಕು.

ಹೋಗುವಂಥವು

ಈಗ ಪೆಟ್ಟಿಗೆ ತೆರೆದು ಒಂದೊಂದಾಗಿ ನೋಡೋಣ. ಸಾಮಾನ್ಯವಾಗಿ ತೊಂದರೆಯಿಲ್ಲದೆ ಹೋಗುವಂಥವು ಇವು:

* ವಾಟರ್ ಕಲರ್, ಪೋಸ್ಟರ್ ಕಲರ್, ಬಿಲ್ಲೆ ಬಣ್ಣ
* ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ನೀರು ಆಧಾರದ ಫ್ಯಾಬ್ರಿಕ್ ಪೇಂಟ್
* ಕ್ರೇಯಾನ್, ಆಯಿಲ್ ಪೇಸ್ಟಲ್, ಬಣ್ಣದ ಪೆನ್ಸಿಲ್, ಇದ್ದಿಲು ಕಡ್ಡಿ, ಸ್ಕೆಚ್ ಪೆನ್
* ಫೆವಿಕಾಲ್‌ನಂಥ ನೀರು ಆಧಾರದ ಬಿಳಿ ಅಂಟು
* ಒಣ ಬ್ರಶ್, ಕ್ಯಾನ್‌ವಾಸ್, ಕಾಗದ
* ಟ್ಯೂಬಿನಲ್ಲಿ ಬರುವ ಕಲಾವಿದರ ಆಯಿಲ್ ಕಲರ್

ಕೊನೆಯದು ಓದಿ ಆಶ್ಚರ್ಯವಾಗಬಹುದು. ಕಲಾವಿದರ ಆಯಿಲ್ ಕಲರ್ ಎಂದರೆ ಅಗಸೆ ಎಣ್ಣೆಯಂಥ ಎಣ್ಣೆಯಲ್ಲಿ ಅರೆದ ಬಣ್ಣ. ಅದರ ಫ್ಲ್ಯಾಷ್ ಪಾಯಿಂಟ್ 60 ಡಿಗ್ರಿಗಿಂತ ಬಹಳ ಮೇಲೆ. ಆದರೆ ಬಾಗಿಲಿಗೆ, ಕಿಟಕಿ ಸರಳಿಗೆ ಹೊಡೆಯುವ ಡಬ್ಬಿ ಬಣ್ಣಕ್ಕೂ ನಮ್ಮ ಅಂಗಡಿಗಳಲ್ಲಿ ಆಯಿಲ್ ಪೇಂಟ್ ಎಂದೇ ಹೆಸರು. ಅದರಲ್ಲಿರುವುದು ಟರ್ಪೆಂಟೈನ್ ಜಾತಿಯ ದ್ರವ. ಹೆಸರು ಒಂದೇ, ಗುಣ ಬೇರೆ. ಆದ್ದರಿಂದ ಟ್ಯೂಬ್ ಬಣ್ಣ ಒಯ್ಯುವವರು ತಯಾರಕರ ಸುರಕ್ಷತಾ ಮಾಹಿತಿ ಪತ್ರವನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಹೋಗದಂಥವು

* ಥಿನ್ನರ್, ಟರ್ಪೆಂಟೈನ್, ಮಿನರಲ್ ಟರ್ಪೆಂಟೈನ್, ಬ್ರಶ್ ತೊಳೆಯುವ ಸೀಮೆಎಣ್ಣೆ (ತೆಲುಗಿನವರ ಕಿರಸನಾಯಿಲು)
* ಸ್ಪ್ರೇ ಪೇಂಟ್, ಚಿತ್ರ ಅಳಿಸದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ, ವಾರ್ನಿಷ್ ಸ್ಪ್ರೇ
* ಎನಾಮಲ್ ಬಣ್ಣ, ಅದು ಮಾದರಿ ಕಾರಿಗೆ ಹಚ್ಚುವ ಪುಟ್ಟ ಸೀಸೆಯಾದರೂ ಸರಿ
* ದ್ರಾವಕ ಇರುವ ವಾರ್ನಿಷ್, ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ ಫ್ರೆಂಚ್ ಪಾಲಿಶ್
* ದ್ರಾವಕ ಆಧಾರದ ಗ್ಲಾಸ್ ಕಲರ್
* ರಬ್ಬರ್ ಅಂಟುಗಳು, ಮೂಗಿಗೆ ಘಾಟು ಹೊಡೆಯುವ ಜಾತಿಯವು
* ಕಿಟಕಿಗೆ ಬೆಳ್ಳಿ ಬಣ್ಣ ಕೊಡಲು ಬಳಸುವ ಅಲ್ಯುಮಿನಿಯಂ ಪುಡಿ
* ಫೈಬರ್, ರೆಸಿನ್ ಕೆಲಸಕ್ಕೆ ಬಳಸುವ ಹಾರ್ಡನರ್

ಗ್ಲಾಸ್ ಕಲರ್‌ನಲ್ಲಿ ನೀರಿನದೂ ಇದೆ, ದ್ರಾವಕದ್ದೂ ಇದೆ. ಸೀಸೆಯ ಮೇಲೆ ಓದಿ ನೋಡಿ. ಅಲ್ಯುಮಿನಿಯಂ ಪುಡಿ ಒಣ ಪುಡಿಯಲ್ಲವೇ ಎನ್ನಬೇಡಿ, ಅದು ಹೊತ್ತಿಕೊಳ್ಳುವ ಘನವಸ್ತುಗಳ ಪಟ್ಟಿಯಲ್ಲಿದೆ. ಹಾರ್ಡನರ್‌ಗಳಲ್ಲಿ ಕೆಲವು ಚರ್ಮ ಸುಡುತ್ತವೆ, ಕೆಲವು ತಾವೇ ಆಮ್ಲಜನಕ ಒದಗಿಸಿ ಬೆಂಕಿ ಹೆಚ್ಚಿಸುತ್ತವೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. "ಕೈಚೀಲದಲ್ಲಿ ಬಿಡದಿದ್ದರೆ ದೊಡ್ಡ ಪೆಟ್ಟಿಗೆಗೆ ಹಾಕೋಣ" ಎಂದುಕೊಳ್ಳುತ್ತಾರೆ. ಚಾಕು, ಕತ್ತರಿಗೆ ಆ ಉಪಾಯ ಸರಿ. ದಹನಶೀಲ ದ್ರವಕ್ಕೆ ಅದು ನಡೆಯುವುದಿಲ್ಲ. ಮೇಲಿನ ಪಟ್ಟಿಯಲ್ಲಿರುವವು ಕೈಚೀಲಕ್ಕೂ ಇಲ್ಲ, ಚೆಕ್-ಇನ್ ಲಗೇಜಿಗೂ ಇಲ್ಲ. ಯಾರೂ ಕಣ್ಣಿಡದ ಕೆಳಗಿನ ಕೋಣೆಯಲ್ಲಿ ಸೋರಿದರೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಇದಕ್ಕೆ ತದ್ವಿರುದ್ಧ ಪವರ್ ಬ್ಯಾಂಕ್. ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇಡಕೂಡದು. ಕಾರಣ ಅದೇ: ಬೆಂಕಿ ಬಂದರೆ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು.

ಸೆಂಟಿಗೆ ಇಲ್ಲದ ಅಡ್ಡಿ ಬಣ್ಣಕ್ಕೇಕೆ?

ಸೆಂಟಿನಲ್ಲೂ ಸ್ಪಿರಿಟ್ ಇದೆ, ಅದನ್ನು ಬಿಡುತ್ತಾರಲ್ಲ ಎಂಬುದು ಇನ್ನೊಂದು ಪ್ರಶ್ನೆ. ನಿಯಮದಲ್ಲಿ ಒಂದು ವಿನಾಯಿತಿ ಇದೆ. ಔಷಧಿ ಮತ್ತು ಶೃಂಗಾರ ಸಾಮಗ್ರಿ, ಅಂದರೆ ಸೆಂಟು, ಕೂದಲ ಸ್ಪ್ರೇ ಮುಂತಾದವುಗಳನ್ನು ಒಂದೊಂದು ಡಬ್ಬಿ ಅರ್ಧ ಲೀಟರ್ ಅಥವಾ ಅರ್ಧ ಕೆಜಿ ಮೀರದಂತೆ, ಎಲ್ಲ ಸೇರಿ 2 ಲೀಟರ್ ಅಥವಾ 2 ಕೆಜಿ ಮೀರದಂತೆ ಒಯ್ಯಬಹುದು. ಮೈಗೆ, ಆರೋಗ್ಯಕ್ಕೆ ಬೇಕಾದ ವಸ್ತು ಎಂಬ ಕಾರಣಕ್ಕೆ ಮಿತಿ ಹಾಕಿ ಕೊಟ್ಟ ರಿಯಾಯಿತಿ ಅದು. ಬಣ್ಣ ಈ ಸಾಲಿಗೆ ಸೇರುವುದಿಲ್ಲ. ಹೀಗಾಗಿ ದೊಡ್ಡ ಸೆಂಟಿನ ಬಾಟಲಿ ಹೋದರೂ ಅದರ ಕಾಲು ಭಾಗದಷ್ಟು ಎನಾಮಲ್ ಸೀಸೆ ಹೋಗದಿರಬಹುದು. ಇದು ತಾರತಮ್ಯ ಎನ್ನಿಸಿದರೂ ನಿಯಮ ಇರುವುದೇ ಹಾಗೆ.

ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ಮಿತಿ ಇದೆ. ದ್ರವ ಸ್ಫೋಟಕದಿಂದ ವಿಮಾನ ಉಡಾಯಿಸುವ ಸಂಚು 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಬಯಲಾದ ಮೇಲೆ ಬಂದ ನಿಯಮ ಅದು. ಕೈಚೀಲದಲ್ಲಿ ಯಾವುದೇ ದ್ರವ, ಜೆಲ್ಲು, ಪೇಸ್ಟು 100 ಮಿಲಿ ಮೀರದ ಡಬ್ಬಿಯಲ್ಲಿರಬೇಕು, ಎಲ್ಲ ಡಬ್ಬಿಗಳೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಕೆಲವು ದೇಶಗಳಲ್ಲಿ ಹೊಸ ಯಂತ್ರ ಬಂದ ಕಡೆ ಇದನ್ನು ಸಡಿಲಿಸಿದ್ದಾರೆ. ಆದರೂ ನೀರಿನ ಬಣ್ಣವೇ ಆದರೂ ದೊಡ್ಡ ಬಾಟಲಿಗಳನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವುದೇ ಜಾಣತನ. 100 ಮಿಲಿ ಒಳಗಿದ್ದ ಮಾತ್ರಕ್ಕೆ ಥಿನ್ನರ್ ಹೋಗುತ್ತದೆ ಎಂದುಕೊಳ್ಳಬೇಡಿ. ಆ ನಿಯಮ ಬೇರೆ, ಇದು ಬೇರೆ.

ಡಬ್ಬಿ ಓದುವುದು ಹೇಗೆ?

ನಾವು ಎರಡು ಭಾಷೆ ಬಲ್ಲವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ನಡೆಯುತ್ತದೆ. ಆದರೆ ಬಣ್ಣದ ಡಬ್ಬಿಯ ಎಚ್ಚರಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅಲ್ಲಿ ಒಂದು ಪದ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. 'ಫ್ಲೇಮಬಲ್' ಎಂದರೆ ಹೊತ್ತಿಕೊಳ್ಳುವಂಥದ್ದು. 'ಇನ್‌ಫ್ಲೇಮಬಲ್' ಎಂದರೂ ಹೊತ್ತಿಕೊಳ್ಳುವಂಥದ್ದೇ! ಮುಂದೆ 'ಇನ್' ಸೇರಿದೆ, ಆದ್ದರಿಂದ ಹೊತ್ತಿಕೊಳ್ಳುವುದಿಲ್ಲ ಎಂದು ಅರ್ಥ ಮಾಡಿಕೊಂಡರೆ ಕೆಟ್ಟಂತೆ. 'ನಾನ್-ಫ್ಲೇಮಬಲ್' ಎಂದಿದ್ದರೆ ಮಾತ್ರ ಹೊತ್ತಿಕೊಳ್ಳುವುದಿಲ್ಲ ಎಂದು ಅರ್ಥ.

ಓದು ಬಾರದವರಿಗೂ ಗೊತ್ತಾಗಲಿ ಎಂದೇ ಚಿತ್ರ ಇದೆ. ಕೆಂಪು ಅಂಚಿನ ಅಥವಾ ಪೂರ್ತಿ ಕೆಂಪು ಬಣ್ಣದ, ಮೂಲೆಯ ಮೇಲೆ ನಿಂತ ಚೌಕದಲ್ಲಿ ಬೆಂಕಿಯ ಜ್ವಾಲೆ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಪೆಟ್ಟಿಗೆಯ ಮೇಲೆ 'ಯುಎನ್ 1263' ಎಂದಿದ್ದರೆ ಅದು ದಹನಶೀಲ ಬಣ್ಣ ಮತ್ತು ಅದಕ್ಕೆ ಸಂಬಂಧಿಸಿದ ವಸ್ತು. 'ಯುಎನ್ 1299' ಟರ್ಪೆಂಟೈನ್. 'ಯುಎನ್ 1950' ಸ್ಪ್ರೇ ಡಬ್ಬಿ. ಚಿತ್ರವೂ ಇಲ್ಲ, ಸಂಖ್ಯೆಯೂ ಇಲ್ಲ ಎಂದರೆ ಬ್ರಶ್ ಯಾವುದರಲ್ಲಿ ತೊಳೆಯಬೇಕು ಎಂದು ಬರೆದಿರುವುದನ್ನು ನೋಡಿ. ನೀರಿನಲ್ಲಿ ತೊಳೆಯಿರಿ ಎಂದಿದ್ದರೆ ಹೆಚ್ಚಾಗಿ ನೀರಿನ ಬಣ್ಣ. ಥಿನ್ನರಿನಲ್ಲಿ ತೊಳೆಯಿರಿ ಎಂದಿದ್ದರೆ ವಿಮಾನದ ಆಸೆ ಬಿಡಿ.

ಅನುಮಾನ ಇದ್ದರೆ ತಯಾರಕರ ವೆಬ್‌ಸೈಟಿನಲ್ಲಿ ಸುರಕ್ಷತಾ ಮಾಹಿತಿ ಪತ್ರ, ಅಂದರೆ ಎಸ್‌ಡಿಎಸ್ ಸಿಗುತ್ತದೆ. ಅದರ 9ನೇ ವಿಭಾಗದಲ್ಲಿ ಫ್ಲ್ಯಾಷ್ ಪಾಯಿಂಟ್, 14ನೇ ವಿಭಾಗದಲ್ಲಿ ಸಾಗಣೆಯ ವಿವರ ಇರುತ್ತದೆ. ಆ ಎರಡು ಪುಟ ಅಚ್ಚು ಹಾಕಿಸಿ ಪೆಟ್ಟಿಗೆಯ ಮೇಲ್ಭಾಗದಲ್ಲಿಟ್ಟರೆ ತಪಾಸಣೆಯವರಿಗೂ ಸುಲಭ, ನಿಮಗೂ ಸುಲಭ. ಆದರೆ ಕೊನೆಯ ಮಾತು ತಪಾಸಣೆಯವರದೇ. ವಿಮಾನ ಕಂಪನಿ ನಿಯಮಕ್ಕಿಂತ ಹೆಚ್ಚು ಬಿಗಿ ಮಾಡುವುದೂ ಉಂಟು. ಆದ್ದರಿಂದ ಟಿಕೆಟ್ ಮಾಡಿಸಿದ ದಿನವೇ ಕಂಪನಿಯನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ.

ಕೊಬ್ಬರಿ, ಕರ್ಪೂರಕ್ಕೂ ಇದೇ ಪಾಠ

ಬಣ್ಣ ಬಿಟ್ಟವರು ಗೆದ್ದೆವು ಎಂದುಕೊಳ್ಳಬೇಡಿ. ನಮ್ಮ ಮನೆಯ ಪೂಜೆ ಸಾಮಾನಿನಲ್ಲೂ ಇದೇ ಜಾತಿಯವು ಇವೆ. ಕರ್ಪೂರ ಹೊತ್ತಿಕೊಳ್ಳುವ ಘನವಸ್ತು, ವಿಮಾನಕ್ಕೆ ಬೇಡ. ಬೆಂಕಿಪೊಟ್ಟಣ, ಲೈಟರ್ ನಮ್ಮ ದೇಶದ ನಿಲ್ದಾಣಗಳಲ್ಲಿ ಬಿಡುವುದಿಲ್ಲ. ಎಲ್ಲಕ್ಕಿಂತ ಅಚ್ಚರಿ ಒಣ ಕೊಬ್ಬರಿ. ತಿಪಟೂರಿನ ಒಳ್ಳೆ ಕೊಬ್ಬರಿ ಮಗಳಿಗೆ ಒಯ್ಯೋಣವೆಂದರೆ ತೆಗೆದಿಡುತ್ತಾರೆ. ಎಣ್ಣೆ ತುಂಬಿದ ಕೊಬ್ಬರಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾನಾಗಿಯೇ ಬಿಸಿಯಾಗಬಲ್ಲದು. ರಾಶಿಯಲ್ಲಿದ್ದು ಬಿಸಿ ಹೊರಹೋಗದಿದ್ದರೆ ಹೊತ್ತಿಕೊಳ್ಳುವುದೂ ಉಂಟು. ಆ ಕಾರಣಕ್ಕೆ ಅದು ಸ್ವಯಂದಹನ ವಸ್ತುಗಳ ಪಟ್ಟಿಯಲ್ಲಿದೆ.

ಚಿತ್ರಕಾರರು ಇದನ್ನು ಗಮನಿಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯೂ ಹೀಗೇ. ಸೀಸೆಯಲ್ಲಿರುವ ಅಗಸೆ ಎಣ್ಣೆ ತಣ್ಣಗೆ ಕೂತಿರುತ್ತದೆ. ಅದೇ ಎಣ್ಣೆ ಬಟ್ಟೆಗೆ ಹತ್ತಿ, ಬಟ್ಟೆಯನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದರೆ ಕೆಲವು ಗಂಟೆಗಳಲ್ಲಿ ಬೆಂಕಿಯೇ ಏಳಬಹುದು. ವಿಮಾನಕ್ಕಂತೂ ಸರಿಯೇ ಸರಿ, ಮನೆಯಲ್ಲೂ ಅಂಥ ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಕೊರಿಯರ್, ರೈಲು, ಬಸ್ಸು?

ವಿಮಾನದಲ್ಲಿ ಬಿಡದಿದ್ದರೆ ಕೊರಿಯರ್ ಮಾಡೋಣ ಎಂಬ ಯೋಚನೆ ಬರುತ್ತದೆ. ಕೊರಿಯರ್ ಪೊಟ್ಟಣವೂ ಎಷ್ಟೋ ಸಲ ಅದೇ ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲೇ ಹೋಗುತ್ತದೆ. ದಹನಶೀಲ ವಸ್ತುವನ್ನು ವಿಮಾನ ಸರಕಾಗಿ ಕಳಿಸಬೇಕಾದರೆ ಅದಕ್ಕೆ ತರಬೇತಿ ಪಡೆದವರು, ಪರೀಕ್ಷಿಸಿ ಒಪ್ಪಿದ ಪ್ಯಾಕಿಂಗು, ಲೇಬಲ್ಲು, ಘೋಷಣಾ ಪತ್ರ ಎಲ್ಲ ಬೇಕು. ಒಂದು ಡಬ್ಬಿ ಬಣ್ಣಕ್ಕೆ ಅಷ್ಟು ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಅಂಚೆ ಇಲಾಖೆಯೂ ಹೊತ್ತಿಕೊಳ್ಳುವ ವಸ್ತು ತೆಗೆದುಕೊಳ್ಳುವುದಿಲ್ಲ. ಪೊಟ್ಟಣದ ಮೇಲೆ 'ಆಟಿಕೆ' ಎಂದೋ 'ಪುಸ್ತಕ' ಎಂದೋ ಬರೆದು ಕಳಿಸುವುದು ಅಪರಾಧ. ವ್ಯಾಲ್ಯೂಜೆಟ್‌ನ ಪೆಟ್ಟಿಗೆಯ ಮೇಲಿನ 'ಖಾಲಿ' ಎಂಬ ಪದ ನೆನಪಿರಲಿ.

ರೈಲಿನಲ್ಲೂ ಸಲ್ಲದು. 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಅಪಾಯಕಾರಿ ವಸ್ತುವನ್ನು ನಿಯಮ ಮೀರಿ ರೈಲಿಗೆ ತಂದರೆ 3 ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿ ದಂಡ ಅಥವಾ ಎರಡೂ. ಅದರಿಂದಾದ ನಷ್ಟವನ್ನೂ ತುಂಬಿಕೊಡಬೇಕು. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತರು. ಒಳಗೆ ನಿಯಮ ಮೀರಿ ತಂದ ಅಡುಗೆ ಅನಿಲದ ಸಿಲಿಂಡರ್ ಇತ್ತು.

ಬಸ್ಸಿನಲ್ಲಿ ಯಾರೂ ನೋಡುವುದಿಲ್ಲ ಎಂಬ ಧೈರ್ಯವೂ ಬೇಡ. 2025ರ ಅಕ್ಟೋಬರ್ 24ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಕರ್ನೂಲು ಬಳಿ ಹೊತ್ತಿ ಉರಿಯಿತು. ಬೈಕೊಂದು ಬಸ್ಸಿನಡಿ ಸಿಕ್ಕಿ ಬೆಂಕಿ ಶುರುವಾಗಿತ್ತು. ಮಲಗಿದ್ದ ಪ್ರಯಾಣಿಕರು ಏಳುವಷ್ಟರಲ್ಲಿ ಹೊಗೆ ತುಂಬಿತ್ತು, ಹಲವರು ಹೊರಬರಲಾಗದೆ ಸತ್ತರು. ಅಲ್ಲಿ ಬಣ್ಣದ ಡಬ್ಬಿಯ ಪ್ರಶ್ನೆ ಇರಲಿಲ್ಲ. ಆದರೆ ಮುಚ್ಚಿದ ಬಸ್ಸಿನಲ್ಲಿ ಬೆಂಕಿ ಎಷ್ಟು ಬೇಗ ಹಬ್ಬುತ್ತದೆ ಎಂದು ಆ ಹೆದ್ದಾರಿಯಲ್ಲೇ ಓಡಾಡುವ ನಮಗೆ ಬೇರೆ ಯಾರೂ ಹೇಳಬೇಕಿಲ್ಲ. ಅಂಥ ಕಡೆ ನಮ್ಮ ಸೀಟಿನ ಕೆಳಗೆ ಒಂದು ಲೀಟರ್ ಥಿನ್ನರ್ ಇದ್ದರೆ?

ಹಾಗಾದರೆ ಏನು ಮಾಡಬೇಕು?

ದಾರಿ ಇದೆ, ಕಷ್ಟದ್ದೇನಲ್ಲ.

* ಬಣ್ಣ ಒಯ್ಯಿರಿ, ದ್ರಾವಕ ಬಿಡಿ. ಥಿನ್ನರ್, ಟರ್ಪೆಂಟೈನ್ ಹೋದ ಊರಲ್ಲೇ ಕೊಳ್ಳಿ. ವಿದೇಶದಲ್ಲೂ ಕಲಾಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ.
* ಸಾಧ್ಯವಿದ್ದಲ್ಲಿ ಎನಾಮಲ್ ಬದಲು ಅಕ್ರಿಲಿಕ್ ರೂಢಿ ಮಾಡಿಕೊಳ್ಳಿ. ಮಾದರಿ ಕಾರು, ವಿಮಾನ ಮಾಡುವವರಿಗೂ ಅದೇ ಬಣ್ಣಗಳು ಅಕ್ರಿಲಿಕ್‌ನಲ್ಲಿ ಸಿಗುತ್ತವೆ.
* ಪ್ರದರ್ಶನಕ್ಕೆ, ಶಿಬಿರಕ್ಕೆ ಹೋಗುವವರು ಬೇಕಾದ ದ್ರಾವಕ, ಸ್ಪ್ರೇ, ವಾರ್ನಿಷ್‌ನ ಪಟ್ಟಿಯನ್ನು ಕರೆದವರಿಗೆ ಮೊದಲೇ ಕಳಿಸಿ, ಅಲ್ಲೇ ತೆಗೆದಿಡಲು ಹೇಳಿ.
* ಬ್ರಶ್‌ಗಳನ್ನು ಎರಡು ದಿನ ಮುಂಚೆ ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಥಿನ್ನರ್ ವಾಸನೆ ಬರುವ ಬ್ರಶ್ ಇಡಬೇಡಿ.
* ನೀರಿನ ಬಣ್ಣದ ಸೀಸೆಗಳನ್ನೂ ಕತ್ತಿನವರೆಗೆ ತುಂಬಬೇಡಿ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆಯ ಮಧ್ಯೆ ಇಡಿ.
* ಬಣ್ಣವನ್ನು ಅದರ ಸ್ವಂತ ಲೇಬಲ್ ಇರುವ ಡಬ್ಬಿಯಲ್ಲೇ ಒಯ್ಯಿರಿ. ನೀರಿನ ಬಾಟಲಿಗೆ, ಔಷಧಿ ಸೀಸೆಗೆ ಸುರಿದು ಒಯ್ಯಬೇಡಿ. ಹೆಸರಿಲ್ಲದ ದ್ರವವನ್ನು ಯಾವ ತಪಾಸಣೆಯವರೂ ಬಿಡುವುದಿಲ್ಲ. ಮನೆಯಲ್ಲಿ ಮಕ್ಕಳು ಕುಡಿಯುವ ಅಪಾಯವೂ ಇದೆ.
* ಕೌಂಟರಿನಲ್ಲಿ ಅಪಾಯಕಾರಿ ವಸ್ತು ಇದೆಯೇ ಎಂದು ಕೇಳಿದಾಗ ಅಭ್ಯಾಸಬಲದಿಂದ "ಇಲ್ಲ" ಎನ್ನಬೇಡಿ. ಬಣ್ಣ ಇದ್ದರೆ ಇದೆ ಎನ್ನಿ, ಯಾವ ಬಣ್ಣ ಎಂದು ಹೇಳಿ.

ಕೊನೆಯದಕ್ಕೆ ಒಂದು ಕಾರಣವಿದೆ. ಚೆಕ್-ಇನ್ ಪೆಟ್ಟಿಗೆ ನಮ್ಮ ಕೈಬಿಟ್ಟ ಮೇಲೆ ಎಕ್ಸ್-ರೇ ಯಂತ್ರದಡಿ ಹೋಗುತ್ತದೆ. ಅನುಮಾನ ಬಂದರೆ ಪೆಟ್ಟಿಗೆಯ ಒಡೆಯನನ್ನು ಕರೆಯುತ್ತಾರೆ. ಅಷ್ಟೊತ್ತಿಗೆ ನೀವು ಒಳಗೆ ಗೇಟಿನ ಬಳಿ ಕೂತಿರುತ್ತೀರಿ. ಓಡಿ ಬರಬೇಕು, ಪೆಟ್ಟಿಗೆ ತೆಗೆಯಬೇಕು, ಡಬ್ಬಿ ಬಿಡಬೇಕು. ಸಮಯ ಮೀರಿದರೆ ಪೆಟ್ಟಿಗೆ ಹಿಂದೆ ಉಳಿಯಬಹುದು, ಇಲ್ಲವೇ ವಿಮಾನವೇ ತಪ್ಪಬಹುದು. ಮೊದಲ ಸಲ ಹೊರದೇಶಕ್ಕೆ ಹೊರಟ ವಿದ್ಯಾರ್ಥಿಗೆ, ಸಾಲ ಮಾಡಿ ಟಿಕೆಟ್ ಕೊಂಡ ಮನೆಯವರಿಗೆ ಅದು ಸಣ್ಣ ನಷ್ಟವಲ್ಲ. ಮೊದಲೇ ಹೇಳಿದರೆ ಕೌಂಟರಿನಲ್ಲೇ ತೆಗೆದು, ಬಿಡಲು ಬಂದ ಅಪ್ಪನ ಕೈಗೋ ಮಾವನ ಕೈಗೋ ಕೊಟ್ಟು ಊರಿಗೆ ಕಳಿಸಬಹುದು.

ವಿಮಾನ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ಮುಚ್ಚುವ ಮುಂಚೆ ಒಂದೊಂದು ಡಬ್ಬಿಯನ್ನೂ ಕೈಗೆತ್ತಿಕೊಂಡು ಕೇಳಿ: ಇದು ನೀರಲ್ಲಿ ಕರಗುತ್ತದೆಯೋ, ಥಿನ್ನರಿನಲ್ಲೋ? ಥಿನ್ನರಿನಲ್ಲಿ ಎಂದರೆ ಅದನ್ನು ಮನೆಯ ಕಪಾಟಿನಲ್ಲೇ ಬಿಡಿ. ಒಲೆಯಿಂದ ದೂರ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ.